ಪಿಜಿಬೆಂಚ್: ನಾಲ್ಕು ವರ್ಷ ಬಳಸಿದ ಮೇಲೆ (4/5)

ಮಂಗಳೂರು ದಕ್ಕೆಯ ಮೀನು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಟೀಮ್ ನಮ್ಮದು. ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದು ಎಷ್ಟು ಫಾಸ್ಟ್ ಅಂತ ಅಳೆಯುವ ಟೂಲ್ ಪಿಜಿಬೆಂಚ್, ಅದರ ಜೊತೆಗೇ ಪುಕ್ಕಟೆ ಬರುತ್ತದೆ.

ಸುಮ್ನೆ ಓಡಿಸಿ ಬಂದ ನಂಬರ್ ನಂಬಬೇಡಿ. ಅದರದ್ದೇ ರೆಡಿಮೇಡ್ ಟೆಸ್ಟ್ ಡೇಟಾದ ಗಾತ್ರ, ಅಂದರೆ ಸ್ಕೇಲ್, 1 ಅಂತ ಬಿಟ್ಟರೆ ಅಕೌಂಟ್ಸ್ ಟೇಬಲಿನಲ್ಲಿ ಬರೀ 1 ಲಕ್ಷ ಸಾಲು, ಪೋಸ್ಟ್‌ಗ್ರೆಸ್ ಮೆಮೊರಿಯಲ್ಲಿ ಡೇಟಾ ಇಟ್ಟುಕೊಳ್ಳುವ ಜಾಗ (ಶೇರ್ಡ್ ಬಫರ್) ಡೀಫಾಲ್ಟ್ ಆಗಿ 128 ಎಂಬಿ, ಡೇಟಾ ಪೂರ್ತಿ ಅದರೊಳಗೇ ಕೂತುಬಿಡುತ್ತದೆ, ಡಿಸ್ಕಿನಿಂದ ಓದುವ ಕೆಲಸವೇ ಇಲ್ಲ. ಸಾಲದ್ದಕ್ಕೆ ಬ್ರಾಂಚ್ ಟೇಬಲಿನಲ್ಲಿ ಒಂದೇ ಸಾಲು. ಒಟ್ಟಿಗೆ 20 ಕ್ಲೈಂಟ್ (ಡೇಟಾಬೇಸ್ ಬಳಸುವ ಕನೆಕ್ಷನ್) ಬಿಟ್ಟರೆ ಇಪ್ಪತ್ತೂ ಅದನ್ನೇ ಅಪ್‌ಡೇಟ್ ಮಾಡಲು ಕ್ಯೂ ನಿಲ್ಲುತ್ತವೆ. ಆರು ತಿಂಗಳು ನಾನು ಈ ಕ್ಯೂವನ್ನು ಅಳೆದು ಡೇಟಾಬೇಸೇ ನಿಧಾನ ಅಂದುಕೊಂಡಿದ್ದೆ.

ಆಮೇಲೆ ಒಂದು ಕ್ಲೌಡ್ ಕಂಪನಿಯವರು ಬಂದು 'ನಮ್ಮಲ್ಲಿ ಮೂರು ಪಟ್ಟು ಫಾಸ್ಟ್' ಅಂತ ಚಾರ್ಟ್ ತೋರಿಸಿದರು. ಸೆಟ್ಟಿಂಗ್ ಕೇಳಿ ತರಿಸಿಕೊಂಡು ನೋಡಿದರೆ ಅವರ ಕಡೆ ಸಿಂಕ್ರೊನಸ್ ಕಮಿಟ್ ಆಫ್, ಹೋಲಿಕೆಗೆ ಇಟ್ಟಿದ್ದರಲ್ಲಿ ಆನ್! ಆಫ್ ಅಂದರೆ ಡಿಸ್ಕಿಗೆ ಬರೆಯುವ ಮೊದಲೇ 'ಆಯ್ತು' ಅನ್ನುವುದು. ಸರ್ವರ್ ಬಿದ್ದರೆ ಕೊನೆಯ ನಾಲ್ಕು ಬಿಲ್ ಮಾಯ. ಬಂಗುಡೆಯನ್ನು ಐಸ್ ಸಮೇತ ತೂಗಿದ ಹಾಗೆ, ಅಲ್ವಾ? ದುಡ್ಡು ಕೊಟ್ಟು ತಗೊಳ್ಳುವ ಕೆಲವು ಡೇಟಾಬೇಸ್‌ಗಳ ಲೈಸೆನ್ಸಿನಲ್ಲಂತೂ ಅನುಮತಿ ಇಲ್ಲದೆ ಬೆಂಚ್‌ಮಾರ್ಕ್ (ಇಂಥ ವೇಗದ ಟೆಸ್ಟಿನ ನಂಬರ್) ಪ್ರಕಟಿಸುವ ಹಾಗೇ ಇಲ್ಲ. 1980ರ ದಶಕದಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಡೇವಿಡ್ ಡಿವಿಟ್ ಡೇಟಾಬೇಸ್‌ಗಳನ್ನು ಹೋಲಿಸಿ ನಂಬರ್ ಹೊರಗೆ ಹಾಕಿದ ಮೇಲೆ ಹುಟ್ಟಿದ ಷರತ್ತು, ಈಗಲೂ ಅವರ ಹೆಸರಲ್ಲೇ ಕರೆಯುತ್ತಾರೆ.

ನಾನೇನೂ ಸಾಚಾ ಅಲ್ಲ. ಪಿಜಿಬೆಂಚಿಗೆ ನಮ್ಮದೇ ಕ್ವೆರಿಗಳ (ಡೇಟಾಬೇಸಿಗೆ ಕಳಿಸುವ ಕೋರಿಕೆಗಳ) ಸ್ಕ್ರಿಪ್ಟ್ ಕೊಡಬಹುದು, ಅದರ ದೊಡ್ಡ ಪ್ಲಸ್ ಅದೇ. ಹೊಸ ಸರ್ವರ್ ತಗೊಂಡಾಗ ಲಾಗ್ (ಸರ್ವರ್ ಮಾಡಿದ ಕೆಲಸದ ದಾಖಲೆ) ನೋಡಿ ಸ್ಕ್ರಿಪ್ಟ್ ಬರೆದೆ, ಹತ್ತು ನಿಮಿಷ ಓಡಿಸಿದೆ, ಬಹಳ ಚೆನ್ನಾಗಿ ಬಂತು. ಲಾಗ್ ಮಾತ್ರ ಜೂನಿನದ್ದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ಬಿಲ್ ಎಲ್ಲಿಂದ ಬರಬೇಕು? ಆಗಸ್ಟಿನಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ ಫೋನ್: "ಮಾರಾಯ್ರೆ, ಬಿಲ್ಲೇ ಬರ್ತಿಲ್ಲ, ಏಲಂ ನಿಲ್ಸೋದಾ?" ನೋಡಿದರೆ ನಾವು ತಗೊಂಡ ಅಗ್ಗದ ಡಿಸ್ಕು ಮೊದಲ ಅರ್ಧ ಗಂಟೆ ಮಾತ್ರ ಓಡುವ ಜಾತಿಯದ್ದು, ಜೋರಾಗಿ ಓಡಲು ಕೊಟ್ಟ ಕೋಟಾ (ಬರ್ಸ್ಟ್ ಕ್ರೆಡಿಟ್) ಮುಗಿದ ಮೇಲೆ ತೆವಳುತ್ತದೆ.

ಈಗ ಆಗಸ್ಟ್ ಮೊದಲ ವಾರದ ಲಾಗ್ ಎತ್ತಿಟ್ಟಿದ್ದೇನೆ, ಟೆಸ್ಟ್ ಎಲ್ಲ ಅದರ ಮೇಲೇ, ಕಡಿಮೆ ಅಂದರೂ ಒಂದು ಗಂಟೆ. ಒಂದು ಸ್ಟಾರ್ ಕಟ್ ಮಾಡಿದ್ದು ಲೇಟೆನ್ಸಿಗೆ, ಅಂದರೆ ಒಂದೊಂದು ಕೆಲಸಕ್ಕೆ ಕಾಯುವ ಹೊತ್ತಿನ ಲೆಕ್ಕಕ್ಕೆ. ಪಿಜಿಬೆಂಚ್ ಕೊನೆಗೆ ಸರಾಸರಿ ಕೊಡುತ್ತದೆ, ನನಗೆ ಬೇಕಾದ್ದು ತೀರಾ ಕಾದು ನಿಂತ ಆ ನೂರರಲ್ಲಿ ಐದು ಬಿಲ್ಲುಗಳ ಲೆಕ್ಕ. ಅದನ್ನು ಇವತ್ತಿಗೂ ಲಾಗ್ ಫೈಲ್ ತೆಗೆದು ನಾನೇ ಮಾಡಿಕೊಳ್ಳಬೇಕು.