ಮಾಟುಂಗದಲ್ಲಿ ತಿಂಡಿ ಎಲ್ಲಿ? ರಾಮಾಶ್ರಯ, ಕೆಫೆ ಮದ್ರಾಸ್, ಮೈಸೂರ್ ಕೆಫೆ, ಮತ್ತೆ ಊಟಕ್ಕೆ ರಾಮ ನಾಯಕ್

ಊರಿಂದ ಯಾರೇ ಮುಂಬೈಗೆ ಬರ್ಲಿ, ಬೆಂಗಳೂರಿಂದ ಟ್ರಾನ್ಸ್‌ಫರ್ ಆಗಿ ಬಂದ ಆಫೀಸಿನ ಹುಡುಗರಾಗ್ಲಿ, ಕೇಳೋದು ಒಂದೇ ಪ್ರಶ್ನೆ, ಮಾಟುಂಗದಲ್ಲಿ ಯಾವ ಹೋಟೆಲ್ ಬೆಸ್ಟ್ ಅಂತ. ರೀಲ್ಸ್ ನೋಡಿ ಬಂದವರಿಗೆ ಉತ್ತರ ಮೊದಲೇ ಗೊತ್ತಿರ್ತದೆ, ಕೆಫೆ ಮದ್ರಾಸ್. ನನ್ನ ಉತ್ತರ ಬೇರೆ ಉಂಟು, ಸ್ವಲ್ಪ ಉದ್ದವೂ ಉಂಟು, ಹಾಗಾಗಿ ಪ್ರತಿ ಸಲ ವಾಟ್ಸಾಪಲ್ಲಿ ಟೈಪ್ ಮಾಡುವ ಬದಲು ಒಮ್ಮೆ ಸರಿಯಾಗಿ ಬರೆದಿಡ್ತೇನೆ.

ಮೊದಲು ಒಂದು ವಿಷಯ. ಹೋಲಿಸೋದಾದ್ರೆ ಒಂದೇ ಐಟಂ ಹಿಡ್ಕೊಂಡು ಹೋಲಿಸ್ಬೇಕು. ಒಂದು ಕಡೆ ತುಪ್ಪದ ದೋಸೆ ತಿಂದು ಇನ್ನೊಂದು ಕಡೆ ಉಪ್ಪಿಟ್ಟು ತಿಂದು ಇದು ಮೇಲು ಅದು ಕೀಳು ಅಂದ್ರೆ ಅದಕ್ಕೆ ಅರ್ಥ ಇಲ್ಲ. ನಾನು ಎಲ್ಲಿ ಹೋದ್ರೂ ಇಡ್ಲಿ, ಸಾಂಬಾರ್, ಫಿಲ್ಟರ್ ಕಾಫಿ ಈ ಮೂರು ತಗೊಂಡೇ ತಗೊಳ್ತೇನೆ, ಆಮೇಲೆ ಆ ಹೋಟೆಲ್ ಯಾವುದಕ್ಕೆ ಹೆಸರುವಾಸಿಯೋ ಅದು. ಹೀಗೆ ತಿಂದು ತಿಂದು ನನಗೆ ಖಾತ್ರಿಯಾದದ್ದು ಏನಂದ್ರೆ, ಉಡುಪಿ ಹೋಟೆಲಲ್ಲಿ ರುಚಿ ಅರ್ಧ ಅಡುಗೆಯವರ ಕೈಯಲ್ಲಿ, ಇನ್ನರ್ಧ ಆ ತಿಂಡಿ ಎಷ್ಟು ಬೇಗ ಖರ್ಚಾಗ್ತದೆ ಅನ್ನೋದ್ರಲ್ಲಿ. ಇಡ್ಲಿ ಹಬೆಯಿಂದ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಇಡ್ಲಿ, ಆಮೇಲೆ ಅದರ ಮೇಲ್ಮೈ ಒಣಗಿ ಚರ್ಮ ಕಟ್ಟಿದ ಹಾಗೆ ಆಗ್ತದೆ, ಮತ್ತೆ ಬಿಸಿ ಮಾಡಿದ್ರೂ ಮೊದಲಿನ ಮೆತ್ತನೆ ಬರೋದಿಲ್ಲ. ಉದ್ದಿನ ವಡೆಯೂ ಹಾಗೇ, ತಣ್ಣಗಾದ್ರೆ ರಬ್ಬರ್. ಆದ್ರಿಂದ ಯಾವ ಹೋಟೆಲಲ್ಲಿ ಯಾವ ತಿಂಡಿ ಓಡ್ತಾ ಉಂಟು ಅಂತ ನೋಡಿ ಅದನ್ನೇ ಹೇಳ್ಬೇಕು.

ಈ ಲೆಕ್ಕದಲ್ಲಿ ಬೆಳಗ್ಗಿನ ತಿಂಡಿಗೆ ನನ್ನ ಮೊದಲ ನಂಬರ್ ರಾಮಾಶ್ರಯ. 1939ರ ಹೋಟೆಲ್, ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್ನಿಂದ ಪೂರ್ವಕ್ಕೆ ಇಳಿದ್ರೆ ಎರಡು ನಿಮಿಷ. ಬೆಳಗ್ಗೆ ಐದಕ್ಕೇ ಬಾಗಿಲು ತೆಗೀತಾರೆ, ಇದೇ ಇದರ ಗುಟ್ಟು ಅಂತ ನನಗನಿಸ್ತದೆ. ಐದು ಗಂಟೆಗೆ ಬರುವವರು ಯಾರು ಹೇಳಿ, ವಾಕಿಂಗ್ ಮುಗಿಸಿದ ಅಜ್ಜಂದಿರು, ಹೂವಿನ ಮಾರ್ಕೆಟಿನವರು, ಫಸ್ಟ್ ಶಿಫ್ಟಿಗೆ ಹೋಗುವವರು, ಟ್ಯಾಕ್ಸಿಯವರು. ಯಾರಿಗೂ ಕೂತು ಫೋಟೋ ತೆಗೆಯುವ ಪುರುಸೊತ್ತಿಲ್ಲ, ಬರ್ತಾರೆ ತಿಂತಾರೆ ಹೋಗ್ತಾರೆ, ಒಂದೇ ಟೇಬಲಲ್ಲಿ ಗುರುತಿಲ್ಲದವರ ಜೊತೆ ಕೂತ್ಕೋಬೇಕು, ಪ್ಲೇಟ್ ಮುಂದೆ ಬರುವಷ್ಟರಲ್ಲಿ ಪಕ್ಕದವರು ಎದ್ದಾಗಿರ್ತದೆ. ಹಾಗಾಗಿ ಒಳಗೆ ಇಡ್ಲಿ ಪಾತ್ರೆ ಒಲೆಯಿಂದ ಇಳಿಯುವ ಪ್ರಶ್ನೆಯೇ ಇಲ್ಲ. ನಾನು ಏಳರ ಒಳಗೆ ಹೋದಾಗೆಲ್ಲ ಇಡ್ಲಿ ಬೆರಳಿಗೆ ಬಿಸಿ ತಾಗುವ ಹಾಗೆ ಬಂದದ್ದು. ಜೊತೆಗೆ ಉಪ್ಪಿಟ್ಟು, ಇಲ್ಲಿ ಉಪ್ಮಾ ಅಂದ್ರೇ ಅರ್ಥ ಆಗೋದು, ಅದನ್ನು ಬಿಡ್ಬೇಡಿ. ಉಪ್ಪಿಟ್ಟಿಗಾಗಿ ಯಾರು ಹೋಟೆಲಿಗೆ ಹೋಗ್ತಾರೆ ಅಂತ ಬೆಂಗಳೂರಿನವರು ಕೇಳ್ತಾರೆ, ಇಲ್ಲಿ ತಿಂದ ಮೇಲೆ ಕೇಳೋದಿಲ್ಲ. ಮೃದು, ಉದುರು, ಎಣ್ಣೆ ಕೈಗೆ ಹತ್ತದ ಹಾಗೆ. ಕೊನೆಗೆ ಪೈನಾಪಲ್ ಶೀರಾ, ದಿನಕ್ಕೊಂದು ಹಣ್ಣಿನ ಶೀರಾ ಮಾಡ್ತಾರೆ, ಪೈನಾಪಲ್ ದಿನ ಸಿಕ್ರೆ ಅದೃಷ್ಟ.

ಕೆಫೆ ಮದ್ರಾಸ್ ವಿಷಯಕ್ಕೆ ಬರ್ತೇನೆ, ಇದರಲ್ಲಿ ನಾನು ಅನ್ಯಾಯ ಮಾಡ್ಬಾರ್ದು, ಯಾಕಂದ್ರೆ ಅಡುಗೆ ಅಂತ ನೋಡಿದ್ರೆ ಈ ಎಲ್ಲದರಲ್ಲಿ ಇವರದ್ದೇ ದೊಡ್ಡ ಕೈ. 1940ರಲ್ಲಿ ಶುರು, ಕಾಮತ್ ಕುಟುಂಬದ್ದು, ಕಿಂಗ್ಸ್ ಸರ್ಕಲ್ ಹತ್ರ ಭಾವುದಾಜಿ ರಸ್ತೆ ಕಡೆ. ಮೆನು ಉದ್ದ, ನೀರ್ದೋಸೆ, ರಾಗಿ ದೋಸೆ, ಪೊಡಿ ಇಡ್ಲಿ, ಬಿಸಿಬೇಳೆಬಾತ್ ಎಲ್ಲ ಉಂಟು. ಇವರ ರಸಂ ವಡೆಗೆ ಸರಿಸಾಟಿ ನಾನು ಮುಂಬೈಯಲ್ಲಿ ಬೇರೆಲ್ಲೂ ತಿಂದಿಲ್ಲ. ರಸಂ ತೆಳ್ಳಗೆ, ಹುಳಿ ಮುಂದೆ, ಕಾಳುಮೆಣಸು ಹಿಂದೆ, ಸಾಂಬಾರಿನ ಹಾಗೆ ದಪ್ಪ ಇಲ್ಲದ ಕಾರಣ ವಡೆಯ ಒಳಗೆ ತನಕ ಇಳೀತದೆ, ಆದ್ರೂ ಅಂಚು ಸ್ವಲ್ಪ ಗರಿ ಉಳಿದಿರ್ತದೆ. ಬಟ್ಟಲು ಬಂದ ಕೂಡ್ಲೇ ಶುರು ಮಾಡ್ಬೇಕು, ಮಾತಾಡ್ತಾ ಕೂತ್ರೆ ವಡೆ ಕರಗಿ ಹೋಗ್ತದೆ. ನೀರ್ದೋಸೆ ಕೂಡ ನಮ್ಮ ಕರಾವಳಿಯವರು ತಿಂದು ತಲೆಯಾಡಿಸುವ ಹಾಗೆ, ತೆಳು, ಬಿಳಿ, ಜೊತೆಗೆ ಕಾಯಿ ಬೆಲ್ಲ. ನನ್ನ ಅತ್ತೆಗೆ ಹೋಟೆಲಿನ ನೀರ್ದೋಸೆ ಅಂದ್ರೆ ಆಗ್ಲೇ ಮೂಗು ಮುರೀತಾರೆ, ಇಲ್ಲಿ ಎರಡನೇ ಪ್ಲೇಟ್ ಹೇಳಿದ್ರು.

ಹಾಗಾದ್ರೆ ಇದೇ ಯಾಕೆ ಮೊದಲ ನಂಬರ್ ಅಲ್ಲ? ಕ್ಯೂ. ಭಾನುವಾರ ಬೆಳಗ್ಗೆ ಒಂಬತ್ತರ ಮೇಲೆ ಹೋದ್ರೆ ಫುಟ್‌ಪಾತಲ್ಲಿ ಹೆಸರು ಬರೆಸಿ ನಿಲ್ಬೇಕು, ಅಷ್ಟು ಹೊತ್ತು ಹಸ್ಕೊಂಡು ನಿಂತ ಮೇಲೆ ಯಾವ ತಿಂಡಿಯೂ ರುಚಿಯೇ, ನಿಜವಾದ ತೂಕ ಗೊತ್ತಾಗೋದಿಲ್ಲ. ಮಕ್ಕಳು ಹಿರಿಯರು ಇದ್ರೆ ಇನ್ನೂ ಕಷ್ಟ, ಜೂನ್ ಜುಲೈ ಮಳೆಯಲ್ಲಂತೂ ಕೊಡೆ ಹಿಡ್ಕೊಂಡು ನಿಲ್ಲುವ ಅವಸ್ಥೆ. ವಾರದ ದಿನ ರಜೆ ಹಾಕಿ ಏಳೂವರೆಗೆ ಹೋಗಿ, ಅಥವಾ ಮಧ್ಯಾಹ್ನದ ಮೇಲೆ ಮತ್ತೆ ತೆರೆದ ಹೊತ್ತಿಗೆ ಹೋಗಿ, ಆಗ ಈ ಹೋಟೆಲ್ ಏನು ಅಂತ ತಿಳೀತದೆ. ನಾನು ಹೋಗೋದು ಸಾಮಾನ್ಯ ಮೈಸೂರ್ ಅಸೋಸಿಯೇಷನಲ್ಲಿ ಸಂಜೆ ಕನ್ನಡ ನಾಟಕವೋ ಉಪನ್ಯಾಸವೋ ಇದ್ದಾಗ, ಅದೂ ಭಾವುದಾಜಿ ರಸ್ತೆಯಲ್ಲೇ ಅಲ್ವಾ, 1926ರಿಂದ ಇರುವ ಸಂಸ್ಥೆ. ಕಾರ್ಯಕ್ರಮಕ್ಕೆ ಮೊದಲು ಒಂದು ರಸಂ ವಡೆ, ಒಂದು ಕಾಫಿ. ಈ ಜೋಡಿಗಿಂತ ಒಳ್ಳೆ ಸಂಜೆ ಮುಂಬೈಯಲ್ಲಿ ಕನ್ನಡದವರಿಗೆ ನನಗೆ ಗೊತ್ತಿಲ್ಲ.

ಮೈಸೂರ್ ಕೆಫೆ ಈ ಮೂರರಲ್ಲಿ ಹಳೇದು, 1936, ಕಿಂಗ್ಸ್ ಸರ್ಕಲ್ಲಿನಲ್ಲೇ. ಮುಕೇಶ್ ಅಂಬಾನಿ ಮಾಟುಂಗದ ಯುಡಿಸಿಟಿ ಕಾಲೇಜಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದ್ತಾ ಇದ್ದಾಗಿನಿಂದ ಅವರಿಗೆ ಇಷ್ಟದ ಹೋಟೆಲ್ ಅಂತ ಎಲ್ಲರಿಗೂ ಗೊತ್ತಾಗಿ ಈಗ ಅದನ್ನು ನೋಡ್ಲಿಕ್ಕೇ ಜನ ಬರ್ತಾರೆ. ನನಗೆ ಇಲ್ಲಿ ಇಷ್ಟವಾಗೋದು ದೋಸೆ. ಮೈಸೂರ್ ಮಸಾಲೆಯ ಕೆಂಪು ಚಟ್ನಿ ದೋಸೆಗೆ ಹದವಾಗಿ ಹತ್ತಿರ್ತದೆ, ಬೀದಿ ಗಾಡಿಯವರ ಹಾಗೆ ಕ್ಯಾಪ್ಸಿಕಂ, ಬೀಟ್‌ರೂಟ್, ಬೆಣ್ಣೆ ಎಲ್ಲ ಕಾವಲಿ ಮೇಲೆ ಅರೆದು ತುಂಬಿದ್ದಲ್ಲ. ಗಡಿಬಿಡಿ ಕಡಿಮೆ ಬೇಕು, ಕೂತು ನಾಲ್ಕು ಮಾತಾಡ್ಬೇಕು ಅಂದ್ರೆ ರಾಮಾಶ್ರಯಕ್ಕಿಂತ ಇದು ಅನುಕೂಲ. ಇಡ್ಲಿಗೆ ನಾನು ಇಲ್ಲಿಗೆ ಬರೋದಿಲ್ಲ ಅಂತಲ್ಲ, ಆದ್ರೆ ಎರಡರಲ್ಲಿ ಒಂದು ಆರಿಸು ಅಂದ್ರೆ ಇಡ್ಲಿಗೆ ಸ್ಟೇಷನ್ ಕಡೆ, ದೋಸೆಗೆ ಸರ್ಕಲ್ ಕಡೆ. ನನ್ನ ಭಾವನಿಗೆ ಇದು ಒಪ್ಪಿಗೆ ಇಲ್ಲ, ಅವರ ಪ್ರಕಾರ ಇಡ್ಲಿಯೂ ಮೈಸೂರ್ ಕೆಫೆಯದ್ದೇ ಮೇಲು, ಈ ಜಗಳ ನಮ್ಮಲ್ಲಿ ಮುಗಿಯೋದಲ್ಲ.

ಸಾಂಬಾರ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಬೆಂಗಳೂರಿಂದ ಬಂದವರು ಮೊದಲ ಚಮಚಕ್ಕೇ ಅಯ್ಯೋ ಸಿಹಿ ಅಂತ ಮುಖ ಮಾಡ್ತಾರೆ. ಉಡುಪಿ ಸಾಂಬಾರಿಗೆ ಬೆಲ್ಲ ಬೀಳೋದು ಇಲ್ಲಿ ಶುರುವಾದದ್ದಲ್ಲ, ನಮ್ಮ ಮನೆಗಳಲ್ಲೂ ಕೊತ್ತಂಬರಿ, ಮೆಂತೆ, ಬ್ಯಾಡಗಿ ಹುರಿದು ಕಾಯಿ ಹಾಕಿ ಅರೆದು ಕೊನೆಗೆ ಒಂದು ಉಂಡೆ ಬೆಲ್ಲ ಹಾಕುವ ಕ್ರಮ. ಮಾಟುಂಗದಲ್ಲಿ ಗುಜರಾತಿಗಳು, ಕಚ್ಛಿಗಳು ಜಾಸ್ತಿ, ಅವರ ಬಾಯಿಗೂ ಈ ಸಿಹಿ ಹಿತವೇ, ಹಾಗಾಗಿ ಬೆಲ್ಲ ಸ್ವಲ್ಪ ಮುಂದೆ ಇರ್ತದೆ. ನನ್ನ ನಾಲಿಗೆಗೆ ಕೆಫೆ ಮದ್ರಾಸಿನ ಸಾಂಬಾರಲ್ಲಿ ಮಸಾಲೆ ಹೆಚ್ಚು ಎದ್ದು ಕಾಣ್ತದೆ, ರಾಮಾಶ್ರಯದ್ದು ಹಗುರ, ಇಡ್ಲಿ ಮುಳುಗಿಸಿ ತಿನ್ಲಿಕ್ಕೆ ಹೇಳಿ ಮಾಡಿಸಿದ್ದು. ಸಿಹಿ ಬೇಡವೇ ಬೇಡ ಅನ್ನುವವರು ಚಟ್ನಿ ಮಾತ್ರ ತಗೊಳ್ಳಿ.

ಮಾಟುಂಗದಲ್ಲಿ ಎಲ್ಲ ಕಡೆ ಒಳ್ಳೇದೇ ಸಿಗ್ತದೆ ಅಂತಲೂ ತಿಳ್ಕೋಬೇಡಿ. ಹೆಸರು ಹೇಳೋದಿಲ್ಲ, ಇದೇ ಸುತ್ತಮುತ್ತ ಇರುವ ಒಂದು ಹೋಟೆಲಲ್ಲಿ ಹನ್ನೊಂದೂವರೆಗೆ ತಂದ ಇಡ್ಲಿ ಚಮಚಕ್ಕೆ ಮುರಿಯದಷ್ಟು ಗಟ್ಟಿ, ಕಾಫಿ ಉಗುರು ಬೆಚ್ಚಗೆ. ಅಡುಗೆಯವರಿಗೆ ಬರೋದಿಲ್ಲ ಅಂತಲ್ಲ, ಆ ಹೊತ್ತಿಗೆ ಅಲ್ಲಿ ಇಡ್ಲಿ ಕೇಳುವವರೇ ಇಲ್ಲ, ಎಲ್ಲ ಟೇಬಲಲ್ಲೂ ಪಾವ್‌ಭಾಜಿ. ಒಳಗೆ ಕೂರುವ ಮೊದಲು ಪಕ್ಕದ ಟೇಬಲ್ ನೋಡಿ, ಅದೇ ಮೆನು ಕಾರ್ಡ್.

ಈಗ ಎಲ್ಲರೂ ಕೇಳೋದು ಬಾಂದ್ರಾದ ‘ಬೆನ್ನೆ’ ಅನ್ನುವ ಹೋಟೆಲ್ ಬಗ್ಗೆ, 2024ರಲ್ಲಿ ಶುರುವಾದ ಬೆಂಗಳೂರು ಶೈಲಿ ದೋಸೆ. ಅದನ್ನೂ ತಿಂದೆ, ಚೆನ್ನಾಗಿ ಉಂಟು, ಆದ್ರೆ ಅದು ಬೇರೆಯೇ ದೋಸೆ. ಅಲ್ಲಿಯದ್ದು ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಬೆಣ್ಣೆ ಧಾರಾಳ. ಮಾಟುಂಗದ್ದು ತೆಳ್ಳಗೆ ಅಗಲಕ್ಕೆ ಎಳೆದದ್ದು. ಬಸವನಗುಡಿ ನೆನಪಾಗಿ ಮನಸ್ಸು ಭಾರ ಆದವರು ಬಾಂದ್ರಾಕ್ಕೆ ಹೋಗಿ, ಉಳಿದವರು ಆ ಕ್ಯೂಗೆ ಹೋಗುವ ಅಗತ್ಯ ಇಲ್ಲ.

ಊಟ. ಇದರಲ್ಲಿ ಸ್ಪರ್ಧೆಯೇ ಇಲ್ಲ, ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್, 1942. ಮೈಸೂರ್ ಕೆಫೆ ಶುರು ಮಾಡಿದ ಅದೇ ರಾಮ ನಾಯಕರು. ಸ್ಟೇಷನ್ ಪಕ್ಕದ ಮಾರ್ಕೆಟ್ ಬಿಲ್ಡಿಂಗಿನ ಮೊದಲ ಮಹಡಿ, ಮೊಣಕಾಲು ನೋವಿನವರು ಮೆಟ್ಟಿಲು ಉಂಟು ಅಂತ ತಿಳ್ಕೊಂಡು ಹೊರಡಿ. ಕೂಪನ್ ತಗೊಂಡು ಕಾಯ್ಬೇಕು, ಆದ್ರೆ ಈ ಕಾಯುವಿಕೆ ನನಗೆ ಬೇಜಾರಿಲ್ಲ ಯಾಕಂದ್ರೆ ಸಾಲು ಸರಸರ ಮುಂದೆ ಹೋಗ್ತದೆ ಮತ್ತೆ ಕೂತ ಮೇಲೆ ನಿಮ್ಮನ್ನು ಏಳಿಸುವವರಿಲ್ಲ. ಪ್ಲೇಟ್ ಊಟ, ಬಾಳೆಲೆ ಊಟ ಎರಡೂ ಉಂಟು. ಬಾಳೆಲೆಯದ್ದೇ ತಗೊಳ್ಳಿ. ಪಲ್ಯ, ಸಾಂಬಾರ್, ಸಾರು, ಹಪ್ಪಳ, ಮಜ್ಜಿಗೆ, ಬಡಿಸುವವರು ತಿರುಗಿ ತಿರುಗಿ ಬರ್ತಾರೆ, ಎಲೆಯಲ್ಲಿ ಅನ್ನ ಮುಗೀಲಿಕ್ಕೆ ಬಿಡೋದಿಲ್ಲ. ಅಡುಗೆಮನೆ ನೋಡ್ಬೇಕು ಅಂದ್ರೆ ನೋಡಲು ಬಿಡ್ತಾರೆ, ಒಮ್ಮೆ ನೋಡಿ, ಅಷ್ಟು ಜನರಿಗೆ ಬೇಯಿಸಿಯೂ ಆ ಶುಚಿ ಹೇಗೆ ಇಟ್ಕೊಂಡಿದ್ದಾರೆ ಅಂತ ಗೌರವ ಹುಟ್ತದೆ. ಇಲ್ಲಿ ಸಾರನ್ನ ಉಣ್ಣುವಾಗ ನನಗೆ ನಮ್ಮ ಹಿರಿಯರ ನೆನಪು ಬರ್ತದೆ, ಊರಿಂದ ಸಣ್ಣ ಪ್ರಾಯದಲ್ಲಿ ಬಂದು ಹಗಲು ಹೋಟೆಲಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದಿದವರು ಎಷ್ಟು ಜನ. ಆ ನೈಟ್ ಸ್ಕೂಲುಗಳಿಂದ ಮುಂದೆ ಬ್ಯಾಂಕಿನವರು, ವಕೀಲರು ಆದವರೂ ಉಂಟು. ಈ ನಗರದ ಉಡುಪಿ ಹೋಟೆಲ್ ಬರೀ ದೋಸೆಯ ಕತೆ ಅಲ್ಲ ಅಂತ ಮಕ್ಕಳಿಗೆ ಹೇಳೋದಾದ್ರೆ ಆ ಎಲೆಯ ಮುಂದೆ ಕೂರಿಸಿ ಹೇಳ್ಬೇಕು.

ಇಡ್ಲಿ ಹೌಸ್ ಕೂಡ ಸರ್ಕಲ್ ಹತ್ರವೇ, ಹಲಸಿನೆಲೆಯ ಕೊಟ್ಟೆ ಕಡುಬು ನೆನಪಾದ್ರೆ ಅಲ್ಲಿ ಹೋಗ್ಬಹುದು. ಕಾಫಿ ಸಾಕಾಗಿ ಚಾ ಬೇಕಾದ್ರೆ ಕಿಂಗ್ಸ್ ಸರ್ಕಲ್ ಮೂಲೆಯಲ್ಲಿ ಕೂಲರ್ ಅಂಡ್ ಕಂಪನಿ ಉಂಟು, 1932ರ ಇರಾನಿ ಹೋಟೆಲ್, ಬನ್ ಮಸ್ಕಾ ಚಾದಲ್ಲಿ ಅದ್ದಿ ತಿನ್ನಿ. ಉಡುಪಿ ಹೋಟೆಲಿನ ಗಡಿಬಿಡಿ ನಂತರ ಅಲ್ಲಿ ಕೂತ್ರೆ ಯಾರೂ ಎದ್ದೇಳಿ ಅನ್ನೋದಿಲ್ಲ.

ಕಾಫಿಗೆ ನನ್ನ ಆಯ್ಕೆ ರಾಮಾಶ್ರಯ, ಡಿಕಾಕ್ಷನ್ ಗಟ್ಟಿ, ಸಕ್ಕರೆ ಕಡಿಮೆ ಹೇಳಿದ್ರೆ ನಿಜವಾಗಿ ಕಡಿಮೆ ಹಾಕಿ ತರ್ತಾರೆ. ಮನೆಗೆ ಪುಡಿ ಬೇಕಾದ್ರೆ ಅಲ್ಲೇ ಮೈಸೂರ್ ಕನ್ಸರ್ನ್ಸ್ ಇದೆ, ಅದೂ 1939ರದ್ದು, ಚಿಕೋರಿ ಎಷ್ಟು ಬೇಕು ಅಂತ ಹೇಳಿ ಪುಡಿ ಮಾಡಿಸ್ಕೊಂಡು ಬನ್ನಿ.

ಬರುವ ದಾರಿ ಹೇಳಿಬಿಡ್ತೇನೆ. ಮಾಟುಂಗದಲ್ಲಿ ಫಾಸ್ಟ್ ಲೋಕಲ್ ರೈಲು ನಿಲ್ಲೋದಿಲ್ಲ, ಡೊಂಬಿವಲಿ ಥಾಣೆ ಕಡೆಯವರು ಕುರ್ಲಾದಲ್ಲಿ ಇಳಿದು ಸ್ಲೋ ಹಿಡೀರಿ. ವೆಸ್ಟರ್ನ್ ಲೈನಿನವರಿಗೆ ಮಾಟುಂಗ ರೋಡ್, ಹಾರ್ಬರಿನವರಿಗೆ ಕಿಂಗ್ಸ್ ಸರ್ಕಲ್ ಸ್ಟೇಷನ್. ಭಾನುವಾರ ಹೊರಡೋದಾದ್ರೆ ಹಿಂದಿನ ದಿನವೇ ಮೆಗಾಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ರೈಲು ನಿಲ್ಲಿಸೋದು ಬದಲಿಸೋದು, ಉಂಟಾ ಅಂತ ನೋಡ್ಕೊಳ್ಳಿ, ಹೆಚ್ಚಿನ ಸಲ ಅದು ಇರೋದೇ ಮಾಟುಂಗ–ಮುಲುಂಡ್ ಮಧ್ಯೆ. ಸೋಮವಾರ ಕೆಫೆ ಮದ್ರಾಸ್ ಮತ್ತೆ ರಾಮ ನಾಯಕ್ ಎರಡೂ ಬಂದ್, ಆ ದಿನ ಬರುವವರು ಯೋಚನೆ ಮಾಡದೆ ರಾಮಾಶ್ರಯಕ್ಕೆ ಹೋಗಿ, ಎಂಟರ ಒಳಗೆ ಹೋಗಿ, ಇಡ್ಲಿ ಉಪ್ಪಿಟ್ಟು ಎರಡೂ ಹೇಳಿ.