ನುಸಿಗೆ ಗುಳಿಗೆಯೋ, ಬೇವೋ, ಫ್ರೀಜರೋ?

ಶಾಲಿನಲ್ಲಿ ತೂತು ಕಂಡ ಕೂಡಲೇ ಗುಳಿಗೆ ತರಲು ಓಡಬೇಡಿ. ತಿಂದ ಹುಳ ಯಾವುದೆಂದು ಮೊದಲು ನೋಡಿ. ಉಣ್ಣೆಯಲ್ಲಿ ಅಡ್ಡಾದಿಡ್ಡಿ ತೂತು, ಜೊತೆಗೆ ಜೇಡರ ಬಲೆಯಂಥ ಎಳೆ, ಮರಳಿನಂಥ ಹಿಕ್ಕೆ ಇದ್ದರೆ ಅದು ಬಟ್ಟೆ ಪತಂಗದ ಮರಿಹುಳ. ಹಾರಾಡುವ ಪತಂಗ ಬಟ್ಟೆ ತಿನ್ನುವುದಿಲ್ಲ, ಮೊಟ್ಟೆ ಇಡುತ್ತದೆ ಅಷ್ಟೆ. ಗಂಜಿ ಹಾಕಿದ ಹತ್ತಿ ಬಟ್ಟೆಯ ಮೇಲ್ಮೈ ಕೆರೆದಂತಿದ್ದರೆ ಬೆಳ್ಳಿಹುಳದ ಕೆಲಸ.

ನುಸಿಗುಳಿಗೆ ಕೆಲಸ ಮಾಡುತ್ತದೆ, ಆದರೆ ದಿನಕ್ಕೆ ಹತ್ತು ಸಲ ತೆರೆಯುವ ಬೀರುವಿನಲ್ಲಲ್ಲ. ಅದರ ಆವಿ ದಟ್ಟವಾಗಿ ಕಟ್ಟಿಕೊಂಡರೆ ಮಾತ್ರ ಹುಳ ಸಾಯುವುದು. ಅದಕ್ಕೆ ಮುಚ್ಚಳ ಬಿಗಿಯಾದ ಟ್ರಂಕೇ ಬೇಕು. ಆವಿ ಗಾಳಿಗಿಂತ ಭಾರವಾದ್ದರಿಂದ ಗುಳಿಗೆಯನ್ನು ಮಲ್ ಬಟ್ಟೆಯಲ್ಲಿ ಕಟ್ಟಿ ಎಲ್ಲಕ್ಕಿಂತ ಮೇಲಿಡಿ. ಜರಿಗೆ, ಪ್ಲಾಸ್ಟಿಕ್ ಗುಂಡಿಗೆ ತಾಗಿಸಬೇಡಿ.

ಅಂಗಡಿಯಲ್ಲಿ ಬಿಳಿ ಗುಳಿಗೆ ಎಂದರೆ ಎರಡು ಬಗೆ: ನ್ಯಾಫ್ತಲೀನ್, ಇಲ್ಲವೇ ಪ್ಯಾರಾ ಡೈಕ್ಲೋರೋಬೆಂಜೀನ್. ಎರಡನ್ನೂ ಒಟ್ಟಿಗೆ ಇಟ್ಟರೆ ಕರಗಿ ನೀರಾಗಿ ಬಟ್ಟೆಗೆ ಕಲೆ ಕೂರುತ್ತದೆ. ಯಾವುದೆಂದು ತಿಳಿಯಲು ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಕದಡಿ ಹಾಕಿ ನೋಡಿ: ನ್ಯಾಫ್ತಲೀನ್ ತೇಲುತ್ತದೆ, ಇನ್ನೊಂದು ಮುಳುಗುತ್ತದೆ. ಹಸುಗೂಸು ಇರುವ ಮನೆಗೆ ನ್ಯಾಫ್ತಲೀನ್ ಬೇಡವೇ ಬೇಡ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಗುವಿಗೆ ಆ ವಾಸನೆ ಹಿಡಿದ ಬಟ್ಟೆ ಸುತ್ತಿದರೂ ರಕ್ತಕಣಗಳು ಒಡೆಯಬಹುದು.

ಬೇವಿನ ಎಲೆ, ಲವಂಗ, ಬಜೆ, ಲಾವಂಚ ಎಲ್ಲ ಒಂದೇ ಸಾಲಿಗೆ ಸೇರುತ್ತವೆ. ಹೊಸ ಪತಂಗ ಬಾರದಂತೆ ಒಂದಿಷ್ಟು ತಡೆದಾವು. ಒಳಗಿರುವ ಮೊಟ್ಟೆ, ಮರಿಹುಳ ಸಾಯುವುದಿಲ್ಲ. ಬೇವನ್ನು ಹಸಿಯಾಗಿ ಇಡುವುದೇ ದೊಡ್ಡ ತಪ್ಪು: ತೇವಕ್ಕೆ ಬೂಷ್ಟು ಹಿಡಿದು ಬೆಳ್ಳಿಹುಳಕ್ಕೆ ನಾವೇ ಕರೆ ಕಳಿಸಿದಂತಾಗುತ್ತದೆ. ನೆರಳಲ್ಲಿ ಒಣಗಿಸಿ, ಹಿಡಿದರೆ ಪುಡಿಯಾಗುವಂತಾದ ಮೇಲೆ ಗಂಟು ಕಟ್ಟಿ. ಘಮ ಹೋದ ಕೂಡಲೇ ಬದಲಿಸಿ.

ಉಣ್ಣೆಯ ವಿಷಯದಲ್ಲಿ ಮೇಲುಗೈ ಫ್ರೀಜರಿನದು. ಸ್ವೆಟರು, ಶಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಬಾಯಿ ಬಿಗಿದು ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಮೊಟ್ಟೆಯೂ ಉಳಿಯದು, ವಾಸನೆಯೂ ಇಲ್ಲ. ಹೊರತೆಗೆದ ತಕ್ಷಣ ಚೀಲ ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಒಂದು ದಿನ ಹಾಗೇ ಬಿಡಿ. ಮೇಲಿನ ಪುಟ್ಟ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದಿದ್ದರೆ ಈ ಶ್ರಮ ದಂಡ.

ಕರಿ ಕಂಬಳಿ ಅದರಲ್ಲಿ ಹಿಡಿಯುವುದಿಲ್ಲ. ಮೇಲಾಗಿ ಅದರ ನೂಲಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಹುಳಕ್ಕೆ ಎರಡೂ ಬಗೆಯ ಊಟ. ಬಿಸಿಲಿಗೆ ಹರವಿ, ಎರಡೂ ಮಗ್ಗುಲು ಕೊಡವಿ, ಅಂಚು ಮತ್ತು ಹೊಲಿಗೆಯ ಸಂದನ್ನು ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಉದುರುವುದು ಆ ಉಜ್ಜಾಟಕ್ಕೆ, ಬರೀ ಬಿಸಿಲಿಗಲ್ಲ.

ರೇಷ್ಮೆ ಸೀರೆಗೆ ಗುಳಿಗೆಗಿಂತ ಶುಚಿ ಮುಖ್ಯ. ಬೆವರು, ಊಟದ ಕಲೆ ಇದ್ದಲ್ಲೇ ಹುಳ ಬಾಯಿ ಹಾಕುವುದು. ಶುಚಿ ಮಾಡಿಸಿ, ಮಲ್ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ನೆರಳಲ್ಲಿ ಗಾಳಿಗೆ ಹಾಕಿ ಮಡಿಕೆ ಬದಲಿಸಿ. ಮಲೆನಾಡು, ಕರಾವಳಿಯವರು ಈ ಕೆಲಸವನ್ನು ಜೂನ್‌ಗೆ ಮೊದಲೇ ಮುಗಿಸಿ. ಮಳೆ ಹಿಡಿದ ಮೇಲೆ ಬೀರು ತೆರೆದಿಟ್ಟರೆ ಒಳಗೆ ಹೋಗುವುದು ತೇವವೇ.