ಕೆಟ್ಟ ಹ್ಯಾಂಡಿಕ್ಯಾಮ್‌ನ ಜಾಗಕ್ಕೆ ಮೊಬೈಲೋ, ಹೊಸ ಕ್ಯಾಮ್‌ಕಾರ್ಡರೋ, ಹಳೆಯದೇ ಇನ್ನೊಂದೋ?

ಟೇಪನ್ನು ಕಚ್ಚಿಕೊಂಡು ಮುಚ್ಚಳ ತೆರೆಯದೆ ನಿಂತುಹೋದ ಮಿನಿ ಡಿವಿ (ಪುಟ್ಟ ಡಿಜಿಟಲ್ ಟೇಪಿನಲ್ಲಿ ವಿಡಿಯೊ ದಾಖಲಿಸುವ) ಕ್ಯಾಮೆರಾವನ್ನು ಕೈಯಲ್ಲಿ ಹಿಡಿದವರು ಮೊದಲು ನಿರ್ಧರಿಸಬೇಕಾದದ್ದು, ತಮಗೆ ಹೊಸದಾಗಿ ಚಿತ್ರೀಕರಿಸುವುದು ಮುಖ್ಯವೋ, ಬೀರುವಿನಲ್ಲಿರುವ ಟೇಪುಗಳನ್ನು ಉಳಿಸಿಕೊಳ್ಳುವುದು ಮುಖ್ಯವೋ ಎಂಬುದನ್ನು.

ಮನೆಯೊಳಗಿನ ನಾಮಕರಣ, ಹುಟ್ಟುಹಬ್ಬಗಳಿಗೆ ಕೈಯಲ್ಲಿರುವ ಮೊಬೈಲೇ ಸಾಕು. ಆದರೆ ಶಾಲಾ ವಾರ್ಷಿಕೋತ್ಸವದ ಕೊನೆಯ ಸಾಲಿನಲ್ಲಿ ಕುಳಿತು, ವೇದಿಕೆಯ ಮೇಲಿರುವ ಮಗಳ ಮುಖವನ್ನು ಹತ್ತಿರಕ್ಕೆ ತಂದುಕೊಳ್ಳಲು ಹೊರಟರೆ, ಬಹುತೇಕ ಮೊಬೈಲುಗಳಲ್ಲಿ ಕಣ್ಣು, ಮೂಗು, ಬಣ್ಣವೆಲ್ಲ ಕಲಸಿಹೋಗುತ್ತವೆ. ನಡುವೆ ಯಾರದೋ ಕರೆ ಬಂದು ಚಿತ್ರೀಕರಣ ನಿಂತರೆ ಆ ನೃತ್ಯ ಮತ್ತೆ ಸಿಗದು. ಸೋನಿ ಎಚ್‌ಡಿಆರ್-ಸಿಎಕ್ಸ್405ರಂಥ ಸಣ್ಣ ಕ್ಯಾಮ್‌ಕಾರ್ಡರಿಗೆ 30 ಪಟ್ಟಿನ ಆಪ್ಟಿಕಲ್ ಜೂಮ್, ಅಂದರೆ ಚಿತ್ರ ಕೆಡದಂತೆ ಲೆನ್ಸಿನಿಂದಲೇ ಹತ್ತಿರಕ್ಕೆ ತರುವ ಸೌಲಭ್ಯ, ಇರುವುದರಿಂದ ದೂರದ ದೃಶ್ಯಕ್ಕೆ ಅದೇ ಮೇಲು, ಆದರೆ ಅದು ಫುಲ್ ಎಚ್‌ಡಿ ಸ್ಪಷ್ಟತೆಯನ್ನು ದಾಟುವುದಿಲ್ಲ, ಮಬ್ಬು ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ವರ್ಷಕ್ಕೆ ಎರಡು ಕಾರ್ಯಕ್ರಮಗಳಿಗಾಗಿ ಅದನ್ನು ಕೊಳ್ಳುವುದು ನನಗಂತೂ ದುಬಾರಿಯೆನಿಸುತ್ತದೆ.

ಟೇಪುಗಳೇ ಮುಖ್ಯವಾದರೆ ಈ ಎರಡೂ ಉಪಯೋಗಕ್ಕೆ ಬಾರವು. ಬಳಸಿದ ಮಿನಿ ಡಿವಿ ಕ್ಯಾಮೆರಾವೊಂದನ್ನು ಕೊಂಡು, ಫೈರ್‌ವೈರ್ (ಇಂಥ ಕ್ಯಾಮೆರಾದ ವಿಡಿಯೊವನ್ನು ಕಂಪ್ಯೂಟರಿಗೆ ಸಾಗಿಸುವ ಹಳೆಯ ಬಗೆಯ ಕೇಬಲ್) ಕಿಂಡಿಯಿರುವ ಹಳೆಯ ಕಂಪ್ಯೂಟರಿಗೆ ಜೋಡಿಸಿ ನಕಲಿಳಿಸಿಕೊಳ್ಳಬೇಕು. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಜಾಗವೂ ಪೂರ್ತಿ ಒಂದು ಗಂಟೆಯೂ ಬೇಕು. ಹಣ ಕೊಡುವ ಮುನ್ನ, ಹೋದರೂ ಚಿಂತೆಯಿಲ್ಲದ ಟೇಪೊಂದನ್ನು ಆ ಕ್ಯಾಮೆರಾದಲ್ಲಿ ಹಾಕಿ, ಓಡಿಸಿ, ಹೊರತೆಗೆದು ನೋಡಿರಿ.